ಫಿನ್‌ಲ್ಯಾಂಡಿನ ಮೊಕ್ಕಿ: ಚಿತ್ರ ನೋಡುವ ಮೊದಲು ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ

ಮಾರ್ಚ್ ಬಂತೆಂದರೆ ಎಸ್ಪೋ, ಹೆಲ್ಸಿಂಕಿ, ತಾಂಪೆರೆಯ ಕನ್ನಡದ ಮನೆಗಳಲ್ಲಿ ಒಂದೇ ಚರ್ಚೆ. ಬೇಸಿಗೆಗೆ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ. ಅವರನ್ನು ಒಂದು ವಾರ ಹಳ್ಳಿಗಾಡಿನ ಮರದ ಮನೆಗೆ ಕರೆದೊಯ್ಯಬೇಕು. ಯಾವುದನ್ನು ಗೊತ್ತು ಮಾಡುವುದು? ನನಗೆ ಮೂರು ಚಿತ್ರ ಕಳಿಸುತ್ತಾರೆ. ಮೂರರಲ್ಲೂ ದಿಮ್ಮಿಗಳ ಕಂದು ಗೋಡೆ, ಎದುರಿಗೆ ಸರೋವರ, ನೀರಿನೊಳಕ್ಕೆ ಚಾಚಿಕೊಂಡ ಮರದ ಅಟ್ಟಣೆ. ಒಂದಕ್ಕೆ ದಿನಕ್ಕೆ 50 ಯೂರೊ, ಇನ್ನೊಂದಕ್ಕೆ 120, ಮತ್ತೊಂದಕ್ಕೆ 300. ಚಿತ್ರದಲ್ಲಿ ಮೂರೂ ಅಕ್ಕತಂಗಿಯರಂತೆ ಕಾಣುತ್ತವೆ. ಹೋಗಿ ಇದ್ದು ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಈ ಮನೆಗಳಿಗೆ ಫಿನ್ನಿಷ್ ಭಾಷೆಯಲ್ಲಿ ಮೊಕ್ಕಿ ಎನ್ನುತ್ತಾರೆ. ಸುಮಾರು 55 ಲಕ್ಷ ಜನರ ದೇಶದಲ್ಲಿ 5 ಲಕ್ಷಕ್ಕೂ ಹೆಚ್ಚು ಬೇಸಿಗೆ ಮೊಕ್ಕಿಗಳಿವೆ. ಸರೋವರಗಳೇ ಸುಮಾರು 1,88,000. ಹೀಗಾಗಿ ಮೊಕ್ಕಿ ಎಂದರೆ ಸಿರಿವಂತರ ತೋಟದ ಮನೆ ಎಂದುಕೊಳ್ಳಬೇಡಿ. ಆಸ್ಪತ್ರೆಯ ದಾದಿಗೂ ಬಸ್ ಚಾಲಕರಿಗೂ ಅಜ್ಜನ ಕಾಲದ ಮೊಕ್ಕಿಯೊಂದು ಇರಬಹುದು. ಅಲ್ಲಿಗೆ ಅವರು ಹೋಗುವುದೇ ಸೌದೆ ಒಡೆಯಲು, ನೀರು ಹೊರಲು, ಸುಮ್ಮನೆ ಕೂರಲು. ಪಟ್ಟಣದ ಮನೆಯಲ್ಲಿ ಇರುವ ಅನುಕೂಲವನ್ನು ಬೇಕೆಂದೇ ಬಿಟ್ಟು ಹೋಗುವ ಜಾಗ ಅದು. ನಾವು ಬಾಡಿಗೆಗೆ ಹಿಡಿಯುವಾಗ ಎಷ್ಟು ಅನುಕೂಲವನ್ನು ಬಿಡಲು ಸಿದ್ಧರಿದ್ದೇವೆ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಹಣದ ಲೆಕ್ಕ ಆಮೇಲೆ ತಾನಾಗಿಯೇ ಬರುತ್ತದೆ.

ಅಳೆಯುವ ಕೋಲು

ನಾನು ಮೊದಲು ಕೇಳುವುದು ನೀರು. ಮನೆಯೊಳಗೆ ನಲ್ಲಿ ಇದೆಯೇ, ಅಂಗಳದ ಬಾವಿಯಿಂದ ಸೇದಿ ತರಬೇಕೇ? ಜಾಹೀರಾತಿನಲ್ಲಿ ‘ಕಾಂತೊವೆಸಿ’ ಎಂದಿದ್ದರೆ ಅದು ಹೊತ್ತು ತರುವ ನೀರು. ‘ಯಾರ್ವಿವೆಸಿ’ ಎಂದಿದ್ದರೆ ಪಂಪಿನಿಂದ ಏರಿಸಿದ ಸರೋವರದ ನೀರು. ಪಾತ್ರೆ ತೊಳೆಯಲು, ಮೀಯಲು ಅದು ಸಾಕು, ಕುಡಿಯುವ ನೀರನ್ನು ಬೇರೆ ಒಯ್ಯಬೇಕು. ಆರು ಜನರಿಗೆ ಮೂರು ಹೊತ್ತು ಅನ್ನ, ಸಾರು, ಪಲ್ಯ ಮಾಡುವ ನಮ್ಮ ಅಡುಗೆಗೆ ಫಿನ್ನಿಷ್ ಕುಟುಂಬದ ಬ್ರೆಡ್ಡು, ಆಲೂಗಡ್ಡೆಯ ಊಟಕ್ಕಿಂತ ಬಹಳ ಹೆಚ್ಚು ನೀರು ಬೇಕು. ಅದನ್ನು ಹೊರುವವರು ಯಾರು ಎಂದು ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ. ಮಾತಾಡದೆ ಹೋದ ಮನೆಗಳಲ್ಲಿ ಆ ಕೆಲಸ ಹೆಂಗಸರ ಪಾಲಿಗೇ ಬಂದದ್ದನ್ನು ನಾನು ನೋಡಿದ್ದೇನೆ.

ಎರಡನೆಯದು ಪಾಯಿಖಾನೆ. ನಮ್ಮವರು ಕೇಳಲು ನಾಚುತ್ತಾರೆ. ನಾಚಬಾರದು, ಏಕೆಂದರೆ ವಾರದ ಸುಖದುಃಖ ಬಹಳ ಮಟ್ಟಿಗೆ ಇದರ ಮೇಲೇ ನಿಂತಿದೆ. ಹಳೆಯ ಮೊಕ್ಕಿಗಳಲ್ಲಿ ಅದು ಮನೆಯಿಂದ ಇಪ್ಪತ್ತು ಮೂವತ್ತು ಹೆಜ್ಜೆ ದೂರದ ಮರದ ಗೂಡು. ಅದಕ್ಕೆ ‘ಪೂಸೇ’ ಎನ್ನುತ್ತಾರೆ. ನೀರು ಹಾಕುವಂತಿಲ್ಲ. ಪ್ರತಿ ಸಲವೂ ಪಕ್ಕದ ಡಬ್ಬದಿಂದ ಒಂದು ಸೌಟು ಮರದ ಹೊಟ್ಟು ಸುರಿಯಬೇಕು, ಮುಚ್ಚಳ ಮುಚ್ಚಬೇಕು. ಸರಿಯಾಗಿ ಮಾಡಿದರೆ ವಾಸನೆಯೇ ಇರುವುದಿಲ್ಲ. ಆದರೆ ನೀರಿನಿಂದ ತೊಳೆದುಕೊಳ್ಳುವ ನಮ್ಮ ಅಭ್ಯಾಸಕ್ಕೆ ಇದು ಹೊಂದುವುದಿಲ್ಲ. ನೀರು ಹೆಚ್ಚು ಬಿದ್ದರೆ ಗೊಬ್ಬರ ಕೊಳೆತು ನಾರುತ್ತದೆ. ಸಣ್ಣ ಚೊಂಬಿನಲ್ಲಿ ಮಿತವಾಗಿ ಬಳಸಬೇಕು, ಇಲ್ಲವೇ ಒದ್ದೆ ಬಟ್ಟೆಯ ದಾರಿ ಹಿಡಿಯಬೇಕು. ಇದಕ್ಕೆ ತದ್ವಿರುದ್ಧವಾದ ಒಂದು ಒಳ್ಳೆಯ ಸುದ್ದಿಯೂ ಇದೆ. ಮನೆಯೊಳಗೆ ಫ್ಲಶ್ ಪಾಯಿಖಾನೆ ಇದ್ದರೆ ಅದರ ಪಕ್ಕದಲ್ಲಿ ಕೈಯಲ್ಲಿ ಹಿಡಿಯುವ ಪುಟ್ಟ ಷವರ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಯುರೋಪಿನ ಬೇರೆಡೆ ಪರದಾಡಿ ಬಂದ ನಮ್ಮ ಹಿರಿಯರು ಫಿನ್‌ಲ್ಯಾಂಡನ್ನು ಮೆಚ್ಚಿಕೊಳ್ಳುವುದು ಇದೊಂದಕ್ಕೇ.

ಮೂರನೆಯದು ದಂಡೆ. ‘ಓಮಾ ರಂತಾ’ ಎಂದರೆ ನಿಮ್ಮದೇ ದಂಡೆ, ಬೇರೆ ಯಾರೂ ಬಂದು ಕೂರುವುದಿಲ್ಲ. ‘ದಂಡೆಗೆ 40 ಮೀಟರ್’ ಎಂಬ ಒಂದು ಸಾಲನ್ನು ನಂಬಿ ನಾನು ಒಮ್ಮೆ ಮೋಸ ಹೋಗಿದ್ದೇನೆ. ನಲವತ್ತು ಮೀಟರ್ ಎಂಬುದು ನಿಜವೇ ಆಗಿತ್ತು, ಆದರೆ ಅದು ಕಡಿದಾದ ಬಂಡೆಯ ಮೇಲೆ ಮರದ ಮೆಟ್ಟಿಲುಗಳ ಇಳಿಜಾರು. ಮೈಸೂರಿನಿಂದ ಬಂದ ನಮ್ಮ ಅತ್ತೆಗೆ ಮೊಣಕಾಲು ನೋವು. ಏಳು ದಿನವೂ ಅವರು ಮೇಲಿನ ಜಗಲಿಯಲ್ಲಿ ಕುಳಿತು ನಮ್ಮನ್ನು ನೋಡುತ್ತಿದ್ದರು. ಆ ನೋಟ ನನಗೆ ಇನ್ನೂ ಮರೆತಿಲ್ಲ. ಅಂದಿನಿಂದ ಮಾಲೀಕರಿಗೆ ಮೂರು ಪ್ರಶ್ನೆ ಬರೆಯುತ್ತೇನೆ: ಮೆಟ್ಟಿಲು ಎಷ್ಟು, ತಳ ಮರಳೋ ಕೆಸರೋ ಜೊಂಡೋ, ಅಟ್ಟಣೆಯ ತುದಿಯಲ್ಲಿ ಆಳ ಎಷ್ಟು. ಇನ್ನೊಂದು ಮಾತೂ ಇದೆ. ಫಿನ್ನಿಷ್ ಜಾಹೀರಾತುಗಳಲ್ಲಿ ‘ಇಲ್ತಾ-ಔರಿಂಕೊ’ ಎಂಬ ಪದ ಕಂಡರೆ ಅದಕ್ಕೆ ಬೆಲೆ ಕೊಡಿ. ಸಂಜೆಯ ಬಿಸಿಲು ಬೀಳುವ, ಪಡುವಣಕ್ಕೆ ಮುಖ ಮಾಡಿದ ದಂಡೆ ಎಂದು ಅರ್ಥ. ಜೂನ್, ಜುಲೈಯಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವ ನಾಡಿನಲ್ಲಿ ಪೂರ್ವಕ್ಕೆ ಮುಖ ಮಾಡಿದ ದಂಡೆಗೂ ಪಶ್ಚಿಮಕ್ಕೆ ಮುಖ ಮಾಡಿದ ದಂಡೆಗೂ ಹಗಲು ರಾತ್ರಿಯ ವ್ಯತ್ಯಾಸ.

ಸೌನಾ, ಅಂದರೆ ಕಾದ ಕಲ್ಲಿನ ಹಬೆಯಲ್ಲಿ ಕೂರುವ ಬಿಸಿ ಕೋಣೆ, ಸೌದೆಯದೋ ವಿದ್ಯುತ್ತಿನದೋ, ಕಾರಿಲ್ಲದೆ ತಲುಪಬಹುದೇ, ಒಲೆ ಎಂಥದು, ಹಾಸಿಗೆ ಹೊದಿಕೆ ಬಾಡಿಗೆಯಲ್ಲೇ ಸೇರಿದೆಯೇ ಎಂಬುದು ಉಳಿದ ವಿಚಾರಗಳು. ಒಂದೊಂದು ಬಗೆಯ ಮನೆಯ ಜೊತೆಗೇ ಅವುಗಳನ್ನು ನೋಡೋಣ.

ಕರೆಂಟಿಲ್ಲದ ಹಳೆಯ ಮೊಕ್ಕಿ

ನನ್ನ ಮನಸ್ಸಿಗೆ ಹತ್ತಿರವಾದದ್ದು ಇದೇ. ಹಾಗಾಗಿ ಇದರ ಕಷ್ಟವನ್ನೂ ಮುಚ್ಚಿಡದೆ ಹೇಳುತ್ತೇನೆ. ಒಂದೇ ಕೋಣೆ, ಮೂಲೆಯಲ್ಲಿ ಸೌದೆಯ ಒಲೆ, ಗ್ಯಾಸಿನಿಂದ ನಡೆಯುವ ಸಣ್ಣ ಫ್ರಿಜ್ಜು, ಎರಡು ಬರ್ನರ್‌ಗಳ ಗ್ಯಾಸ್ ಒಲೆ, ಛಾವಣಿಯ ಮೇಲಿನ ಸೌರ ಫಲಕದಿಂದ ಎರಡು ಬಲ್ಬು ಮತ್ತು ಮೊಬೈಲಿಗೆ ಚಾರ್ಜು. ನೀರು ಬಾವಿಯಿಂದ. ದಂಡೆಯಲ್ಲಿ ಬೇರೆಯಾಗಿ ಕಟ್ಟಿದ ಸೌನಾ.

ಸೌನಾ ಹಚ್ಚುವುದನ್ನು ಮಲೆನಾಡಿನ ಬಚ್ಚಲೊಲೆ ಕಂಡವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬರ್ಚ್ ಮರದ ತೊಗಟೆಯನ್ನು ಬೆರಳಿನಿಂದ ಸುಲಿದರೆ ಕಾಗದದಂತೆ ಬರುತ್ತದೆ. ಅದರಲ್ಲಿ ಎಣ್ಣೆಯಂಶ ಎಷ್ಟಿದೆ ಎಂದರೆ ಒದ್ದೆಯಾಗಿದ್ದರೂ ಹೊತ್ತಿಕೊಳ್ಳುತ್ತದೆ. ಮೊದಲು ಅದು, ಮೇಲೆ ಸಿಬಿರು, ಆಮೇಲೆ ಸೀಳಿದ ಸೌದೆ. ಒಲೆಯ ಪಕ್ಕದ ಹಂಡೆಗೆ ಸರೋವರದಿಂದ ನಾಲ್ಕು ಬಕೆಟ್ ನೀರು ತಂದು ಸುರಿದರೆ ಮೀಯುವುದಕ್ಕೆ ಬಿಸಿ ನೀರೂ ಆಯಿತು. ಒಂದು, ಒಂದೂವರೆ ಗಂಟೆಗೆ ಕಲ್ಲುಗಳು ಕಾದು ಒಳಗಿನ ಬಿಸಿ 70, 80 ಡಿಗ್ರಿಗೆ ಏರುತ್ತದೆ. ಮೇಲಿನ ಹಲಗೆಯ ಮೇಲೆ ಕುಳಿತು ಸೌಟಿನಲ್ಲಿ ನೀರನ್ನು ಕಲ್ಲಿನ ಮೇಲೆ ಹಾಕಿದಾಗ ಏಳುವ ಹಬೆಗೆ ‘ಲೊಯ್ಲು’ ಎನ್ನುತ್ತಾರೆ. ಒಳ್ಳೆಯ ಸೌದೆ ಸೌನಾದ ಲೊಯ್ಲು ಚುರುಗುಟ್ಟುವುದಿಲ್ಲ. ಕಲ್ಲು ಒಮ್ಮೆ ಉಸಿರು ಬಿಟ್ಟಂತೆ ಸದ್ದು ಮಾಡುತ್ತದೆ, ಎರಡು ಕ್ಷಣ ಏನೂ ಇಲ್ಲ, ಆಮೇಲೆ ಕಿವಿಯ ಹಿಂದಿನಿಂದ ಇಳಿದು ಬೆನ್ನನ್ನೆಲ್ಲ ತಬ್ಬುತ್ತದೆ. ಎಲೆಗಳಿರುವ ಎಳೆಯ ಬರ್ಚ್ ಕೊಂಬೆಗಳ ಕಟ್ಟಿನಿಂದ ಮೈಗೆ ಬಡಿದುಕೊಂಡರೆ ಮಳೆ ಬಿದ್ದ ಕಾಡಿನ ಪರಿಮಳ. ಈ ಕಟ್ಟಿಗೆ ಪಶ್ಚಿಮದವರು ವಿಹ್ತಾ ಎಂದರೆ ಪೂರ್ವದವರು ವಸ್ತಾ ಎನ್ನುತ್ತಾರೆ. ಅಲ್ಲಿಂದ ಎದ್ದು ನೇರ ಅಟ್ಟಣೆಗೆ, ಅಟ್ಟಣೆಯಿಂದ ನೀರಿಗೆ. ಫಿನ್‌ಲ್ಯಾಂಡಿನ ಸೌನಾ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದೆ ಹೆರಿಗೆ ಆಗುತ್ತಿದ್ದುದೂ ಸತ್ತವರಿಗೆ ಮೀಯಿಸುತ್ತಿದ್ದುದೂ ಇದೇ ಕೋಣೆಯಲ್ಲಿ. ಆದ್ದರಿಂದ ಒಳಗೆ ಗದ್ದಲ ಮಾಡುವುದಿಲ್ಲ.

ಇನ್ನು ಕಷ್ಟ. ಬೆಳಗ್ಗೆ ಕಾಫಿ ಕುಡಿಯುವುದಕ್ಕೂ ಮೊದಲು ಬಾವಿಗೆ ಹೋಗಬೇಕು. ಗ್ಯಾಸ್ ಫ್ರಿಜ್ಜಿನಲ್ಲಿ ಹಾಲು, ಮೊಸರು, ಒಂದಿಷ್ಟು ತರಕಾರಿ ಹಿಡಿಯುತ್ತದೆ, ಆರು ಜನರ ವಾರದ ಸಾಮಾನು ಹಿಡಿಯುವುದಿಲ್ಲ. ಪಾತ್ರೆ ತೊಳೆದ ನೀರನ್ನು ಸರೋವರಕ್ಕೆ ಚೆಲ್ಲುವಂತಿಲ್ಲ. ಸೋಪು ಎಂಥದೇ ಆಗಿರಲಿ, ದಂಡೆಯಿಂದ ದೂರ ಒಯ್ದು ನೆಲಕ್ಕೆ ಸುರಿಯಬೇಕು. ಮಿಕ್ಸಿ ಇಲ್ಲ, ಹಾಗಾಗಿ ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಮಳೆ ಮೂರು ದಿನ ಹಿಡಿದರೆ ಒಂದೇ ಕೋಣೆಯಲ್ಲಿ ಎಲ್ಲರೂ ಕೂತಿರಬೇಕು. ಇಬ್ಬರಿಗೆ, ಅಥವಾ ಎಂಟು ಹತ್ತು ವರ್ಷ ದಾಟಿದ ಮಕ್ಕಳಿರುವ ಮನೆಯವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಬೇಸಿಗೆಯಲ್ಲೂ ವಾರಕ್ಕೆ ಸುಮಾರು 400ರಿಂದ 600 ಯೂರೊಗೆ ಸಿಗುವುದುಂಟು. ಎಪ್ಪತ್ತು ದಾಟಿದವರನ್ನು, ಹೆಚ್ಚು ಮಾತ್ರೆ ತೆಗೆದುಕೊಳ್ಳುವವರನ್ನು, ರಾತ್ರಿ ಎರಡು ಮೂರು ಸಲ ಏಳುವವರನ್ನು ಇಲ್ಲಿಗೆ ಕರೆತರಬೇಡಿ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ.

ನಡುವಿನ ದಾರಿ: ಕರೆಂಟು, ನಲ್ಲಿ, ಸೌದೆಯ ಸೌನಾ

ಊರಿನಿಂದ ಬಂದ ಹಿರಿಯರಿರುವ ಮನೆಗಳಿಗೆ ನಾನು ಹೇಳುವುದು ಹೆಚ್ಚು ಕಡಿಮೆ ಯಾವಾಗಲೂ ಇದನ್ನೇ. ದಿಮ್ಮಿಯ ಮನೆ, ಎರಡು ಮಲಗುವ ಕೋಣೆ, ವಿದ್ಯುತ್ ಒಲೆ, ದೊಡ್ಡ ಫ್ರಿಜ್ಜು, ಒಳಗೆ ಪಾಯಿಖಾನೆ ಮತ್ತು ಷವರ್. ಆದರೆ ಸೌನಾ ಮಾತ್ರ ದಂಡೆಯಲ್ಲಿ, ಸೌದೆಯದು. ಹಳೆಯದರ ಜೀವಾಳ ಸೌನಾದಲ್ಲಿದೆ, ಅದೊಂದು ಉಳಿದರೆ ಸಾಕು. ವಿದ್ಯುತ್ ಸೌನಾ ಮನೆಯೊಳಗೇ ಇದ್ದು ಬಚ್ಚಲಿನ ಪಕ್ಕದಲ್ಲಿ ಕುಳಿತುಕೊಳ್ಳುವುದಾದರೆ ಅದನ್ನು ಪಟ್ಟಣದ ಅಪಾರ್ಟ್‌ಮೆಂಟಿನಲ್ಲೇ ಮಾಡಬಹುದು.

ಬೇಸಿಗೆಯ ತಿಂಗಳುಗಳಲ್ಲಿ ಇಂಥದ್ದಕ್ಕೆ ವಾರಕ್ಕೆ ಸುಮಾರು 700ರಿಂದ 1,100 ಯೂರೊ ಆಗುತ್ತದೆ. ಕಾಣುವ ಬಾಡಿಗೆಯ ಆಚೆಗೆ ಕಾಣದ ಲೆಕ್ಕವೂ ಇದೆ. ಹಾಸಿಗೆಯ ಬಟ್ಟೆ, ಟವೆಲ್ಲು ಬಹುತೇಕ ಬಾಡಿಗೆಯಲ್ಲಿ ಸೇರಿರುವುದಿಲ್ಲ. ಕೊನೆಯ ದಿನ ಮನೆಯನ್ನು ನೀವೇ ಗುಡಿಸಿ, ಒರೆಸಿ, ಪಾತ್ರೆ ಒಪ್ಪವಾಗಿಟ್ಟು, ಕಸ ಒಯ್ದು ಬರಬೇಕು, ಇಲ್ಲವೇ ‘ಲೊಪ್ಪುಸೀವೋಸ್’ ಎಂಬ ಕೊನೆಯ ಶುಚಿಯ ಹಣ ಕಟ್ಟಬೇಕು. ಉದಾಹರಣೆಗೆ, ಎರಡು ಕುಟುಂಬ ಸೇರಿ ಎಂಟು ಜನ, ಬಾಡಿಗೆ 900. ಹೊದಿಕೆಗೆ ತಲೆಗೆ 20ರಂತೆ 160, ಶುಚಿಗೆ 120 ಎಂದಿಟ್ಟುಕೊಂಡರೆ 1,180. ತಲೆಗೆ ದಿನಕ್ಕೆ 21 ಯೂರೊ. ಹೊದಿಕೆ ಮನೆಯಿಂದಲೇ ಒಯ್ದು, ಕೊನೆಯ ದಿನ ಎರಡು ಗಂಟೆ ಎಲ್ಲರೂ ಕೈಜೋಡಿಸಿದರೆ ತಲೆಗೆ 16. ಹೆಲ್ಸಿಂಕಿಯಲ್ಲಿ ಒಂದು ಊಟಕ್ಕೆ ಅಷ್ಟು ಆಗುತ್ತದೆ.

ಬೇಸಿಗೆಯ ನಡುವೆ ಬಹಳ ಮನೆಗಳನ್ನು ಶನಿವಾರದಿಂದ ಶನಿವಾರಕ್ಕೆ ಮಾತ್ರ ಕೊಡುತ್ತಾರೆ. ಎರಡು ದಿನಕ್ಕೆ ಬೇಕೆಂದರೆ ಆಗಸ್ಟ್ ಮಧ್ಯದವರೆಗೆ ಕಾಯಬೇಕು. ನನ್ನ ಮಾತು ಕೇಳಿದರೆ ಕಾಯುವುದೇ ಒಳ್ಳೆಯದು. ಆ ಹೊತ್ತಿಗೆ ಫಿನ್‌ಲ್ಯಾಂಡಿನ ಶಾಲೆಗಳು ಶುರುವಾಗಿರುತ್ತವೆ, ಬಾಡಿಗೆ ಇಳಿದಿರುತ್ತದೆ, ಸೊಳ್ಳೆ ಕಡಿಮೆಯಾಗಿರುತ್ತದೆ, ನೀರಿನಲ್ಲಿ ಬೇಸಿಗೆಯ ಬಿಸಿ ಇನ್ನೂ ಉಳಿದಿರುತ್ತದೆ. ಕಾಡಿನಲ್ಲಿ ಮುಸ್ತಿಕ್ಕಾ ಎಂಬ ನೀಲಿ ಹಣ್ಣು ತುಂಬಿರುತ್ತದೆ. ಅದನ್ನು ಯಾರ ಕಾಡಿನಲ್ಲಾದರೂ ಯಾರನ್ನೂ ಕೇಳದೆ ಕೊಯ್ಯಬಹುದು. ಈ ಹಕ್ಕು ಪೌರರಿಗಷ್ಟೇ ಅಲ್ಲ, ಪ್ರವಾಸಕ್ಕೆ ಬಂದ ನಿಮ್ಮ ಅಮ್ಮನಿಗೂ ಇದೆ. ಆದರೆ ಅದು ಮನೆಯ ಅಂಗಳಕ್ಕೆ, ಇನ್ನೊಬ್ಬರ ಅಟ್ಟಣೆಗೆ ಅನ್ವಯಿಸುವುದಿಲ್ಲ. ಜಾಗದ ಒಡೆಯರ ಒಪ್ಪಿಗೆಯಿಲ್ಲದೆ ಬೆಂಕಿ ಹಚ್ಚುವಂತೆಯೂ ಇಲ್ಲ. ಒಣ ಹವೆಯಲ್ಲಿ ಕಾಡಿನ ಬೆಂಕಿಯ ಎಚ್ಚರಿಕೆ ಹೊರಡಿಸಿದ್ದರೆ ಬಯಲಿನಲ್ಲಿ ಬೆಂಕಿ ಪೂರ್ತಿ ನಿಷಿದ್ಧ.

ಅಡುಗೆಯ ವಿಷಯದಲ್ಲಿ ಒಂದು ಎಚ್ಚರಿಕೆ. ದಿಮ್ಮಿಯ ಗೋಡೆ ವಾಸನೆಯನ್ನು ಹೀರಿಕೊಳ್ಳುತ್ತದೆ. ಕರಿಯುವುದು, ಮೆಣಸಿನಕಾಯಿ ಸುಡುವುದು ಏನಿದ್ದರೂ ಹೊರಗಿನ ಗ್ರಿಲ್ಲಿನ ಬಳಿಗೆ ಒಯ್ಯಿರಿ, ಇಲ್ಲದಿದ್ದರೆ ಒಗ್ಗರಣೆಯ ಹೊಗೆಗೆ ಅಲಾರಂ ಬಡಿದುಕೊಳ್ಳುತ್ತದೆ. ಅಲ್ಲಿಯ ಅಂಗಡಿಯಲ್ಲಿ ಸಿಗುವ ‘ಪೀಮಾ’ ನಮ್ಮ ಮಜ್ಜಿಗೆಗೆ ಹತ್ತಿರದ ನೆಂಟ. ಮಜ್ಜಿಗೆಹುಳಿಗೂ ಆಗುತ್ತದೆ. ‘ವೀಲಿ’ ಎಂಬ ಮೊಸರು ಮಾತ್ರ ನೂಲಿನಂತೆ ಎಳೆಯುತ್ತದೆ, ಎಲ್ಲರಿಗೂ ಹಿಡಿಸುವುದಿಲ್ಲ. ಜುಲೈಯ ಹೊಸ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ ಸಬ್ಬಸಿಗೆ ಸೊಪ್ಪು, ಬೆಣ್ಣೆ ಹಾಕಿ ತಿನ್ನುವುದು ಅಲ್ಲಿಯವರ ಪದ್ಧತಿ. ನಮ್ಮ ಅತ್ತೆ ಅದಕ್ಕೆ ಒಂದು ಹಸಿಮೆಣಸಿನಕಾಯಿ ಸೇರಿಸಿ ತಮ್ಮದಾಗಿಸಿಕೊಂಡರು.

ದೊಡ್ಡ ವಿಲ್ಲಾ

ದಿಮ್ಮಿಯ ಗೋಡೆಯೊಳಗೆ ಪಾತ್ರೆ ತೊಳೆಯುವ ಯಂತ್ರ, ಬಟ್ಟೆ ಒಗೆಯುವ ಯಂತ್ರ, ನಾಲ್ಕು ಕೋಣೆ, ಎರಡು ಬಚ್ಚಲು, ಗಾಜಿನ ಗೋಡೆಯ ಸೌನಾ. ವಾರಕ್ಕೆ 1,500 ಯೂರೊ ದಾಟುತ್ತದೆ. ಹತ್ತು ಹನ್ನೆರಡು ಜನ ಒಟ್ಟಾಗಿ ಹೋಗುವುದಾದರೆ, ಅಥವಾ ಚಳಿಗಾಲದಲ್ಲಿ ದೇಶದ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿಗೆ ಹೋಗುವುದಾದರೆ ಇದೇ ಸರಿ. ಬೇಸಿಗೆಯಲ್ಲಿ ಎರಡು ಮೂರು ಜನ ಇದಕ್ಕೆ ಹಣ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಆ ಹಣದಲ್ಲಿ ಒಳ್ಳೆಯ ದಂಡೆಯಿರುವ ಚಿಕ್ಕ ಮನೆಯನ್ನು ಎರಡು ವಾರ ಹಿಡಿಯಬಹುದು.

ಚಳಿಗಾಲದ ಮಾತು ಬಂದಿದ್ದರಿಂದ ಹೇಳುತ್ತೇನೆ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿರುವಾಗ ಬೇಸಿಗೆಯ ಮೊಕ್ಕಿ ಪ್ರಯೋಜನಕ್ಕೆ ಬರುವುದಿಲ್ಲ. ನೀರಿನ ಕೊಳವೆಗಳನ್ನೇ ಮುಚ್ಚಿರುತ್ತಾರೆ. ಜಾಹೀರಾತಿನಲ್ಲಿ ‘ತಲ್ವಿಅಸುತ್ತವಾ’, ಅಂದರೆ ಚಳಿಗಾಲದಲ್ಲೂ ವಾಸಕ್ಕೆ ಯೋಗ್ಯ ಎಂದು ಬರೆದಿರಬೇಕು. ದಾರಿಯ ಹಿಮವನ್ನು ಯಾರು ತೆಗೆಯುತ್ತಾರೆ ಎಂದೂ ಕೇಳಿ. ರಾತ್ರಿಯ ಆಕಾಶದಲ್ಲಿ ಬಣ್ಣದ ಅಲೆಯಾಗಿ ಹರಿಯುವ ಉತ್ತರದ ಬೆಳಕನ್ನು (ಅರೋರಾ) ನೋಡಲು ಡಿಸೆಂಬರೇ ಆಗಬೇಕೆಂದಿಲ್ಲ. ಆಗಸ್ಟ್ ಕೊನೆಯಿಂದ ಏಪ್ರಿಲ್ ಮೊದಲ ಭಾಗದವರೆಗೂ ಕಾಣುತ್ತದೆ. ಸೆಪ್ಟೆಂಬರಿನಲ್ಲಿ ಕಾಡೆಲ್ಲ ಕೆಂಪು ಹಳದಿಗೆ ತಿರುಗುವ ‘ರುಸ್ಕಾ’ ಕಾಲಕ್ಕೆ ಉತ್ತರದ ಇನಾರಿ, ಸಾರಿಸೆಲ್ಕಾ ಕಡೆ ಹೋದರೆ ಹಗಲು ಬಣ್ಣ, ರಾತ್ರಿ ಬೆಳಕು ಎರಡೂ ಸಿಗಬಹುದು. ಕ್ರಿಸ್‌ಮಸ್ ವಾರದ ಬಾಡಿಗೆಗೂ ಆಗಿನ ಬಾಡಿಗೆಗೂ ಅಜಗಜಾಂತರ.

ಕಾರಿಲ್ಲದವರಿಗೆ: ರೈತರ ಮನೆ, ಶಿಬಿರತಾಣ

ಮೊಕ್ಕಿಯ ದಾರಿಯ ಕೊನೆಯ ಕೆಲವು ಕಿಲೋಮೀಟರು ಬಹುತೇಕ ಜಲ್ಲಿಯದು, ಬಸ್ಸು ಹೋಗುವುದಿಲ್ಲ. ಕಾರು ಬಾಡಿಗೆಗೆ ಹಿಡಿಯುವವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನಲ್ಲೇ ಮಾಡಿಸಿಕೊಳ್ಳಿ. ಇಲ್ಲಿ ಬಲಬದಿಯ ಸಂಚಾರ, ಮುಸ್ಸಂಜೆಯಲ್ಲಿ ದಾರಿಗೆ ಅಡ್ಡ ಬರುವ, ಜಿಂಕೆ ಜಾತಿಯ ದೊಡ್ಡ ಪ್ರಾಣಿಗಳಾದ ಎಲ್ಕ್‌ಗಳ ಬಗ್ಗೆ ನಿಜವಾದ ಹೆದರಿಕೆ ಇರಲಿ. ಕಾರೇ ಬೇಡ ಎನ್ನುವವರಿಗೆ ಎರಡು ದಾರಿಗಳಿವೆ.

ಒಂದು, ಅತಿಥಿಗಳನ್ನು ಇರಿಸಿಕೊಳ್ಳುವ ರೈತರ ಮನೆ. ಮಲಗುವುದು ‘ಐತ್ತಾ’ದಲ್ಲಿ. ಐತ್ತಾ ಎಂದರೆ ಕಾಳು, ಬಟ್ಟೆ, ಸಾಮಾನು ಇಡಲು ಅಂಗಳದ ಅಂಚಿನಲ್ಲಿ ದಿಮ್ಮಿಯಿಂದ ಕಟ್ಟಿದ ಪುಟ್ಟ ಕಟ್ಟಡ, ನಮ್ಮ ಕಣಜದ ಮನೆಯಂಥದು. ಹಿಂದೆ ಬೇಸಿಗೆ ಬಂದರೆ ಮನೆಯ ಹೆಣ್ಣುಮಕ್ಕಳು ಅಲ್ಲಿ ಹೋಗಿ ಮಲಗುತ್ತಿದ್ದರು. ಸಣ್ಣ ಕಿಟಕಿ, ದಪ್ಪ ಗೋಡೆ, ಬೆಂಕಿಯಿಲ್ಲ. ಒಳಗೆ ತಂಪು, ಒಣ ಮರದ ವಾಸನೆ, ಕತ್ತಲು. ಜೂನಿನಲ್ಲಿ ಎಲ್ಲೆಲ್ಲೂ ಬೆಳಕಿರುವಾಗ ಆ ಕತ್ತಲು ದೊಡ್ಡ ವರವೇ. ಬೆಳಗ್ಗೆ ಮನೆಯೊಡತಿ ಓಟ್ಸ್ ಗಂಜಿ, ರೈ ಬ್ರೆಡ್ಡು, ತೋಟದ ಹಣ್ಣಿನ ಜಾಮ್ ಇಡುತ್ತಾರೆ. ಪೂರ್ವದ ಕಡೆ ಹೋದರೆ ಅನ್ನದ ಗಂಜಿ ತುಂಬಿದ ಕರೇಲಿಯಾದ ಕಡುಬು ಸಿಗುತ್ತದೆ. ಮೇಲೆ ಮೊಟ್ಟೆಬೆಣ್ಣೆ ಸವರುತ್ತಾರೆ, ಮೊಟ್ಟೆ ತಿನ್ನದವರು ಮೊದಲೇ ಹೇಳಿ. ಪಾಯಿಖಾನೆ, ಬಚ್ಚಲು ದೊಡ್ಡ ಮನೆಯಲ್ಲಿ, ಇತರರೊಂದಿಗೆ ಹಂಚಿಕೊಳ್ಳಬೇಕು. ಅಡುಗೆಗೆ ಅವಕಾಶ ಕಡಿಮೆ. ಕೇಳಿಕೊಂಡರೆ ರೈಲು ನಿಲ್ದಾಣಕ್ಕೆ ಬಂದು ಕರೆದೊಯ್ಯುವವರೂ ಇದ್ದಾರೆ. ಇಲ್ಲಿ ಸಿಗುವುದು ಏಕಾಂತವಲ್ಲ, ಜನ. ಹಸುವಿನ ಕೊಟ್ಟಿಗೆ ನೋಡಿ ನಮ್ಮ ಮಾವ ಭಾಷೆಯೇ ಬಾರದೆ ರೈತರೊಂದಿಗೆ ಅರ್ಧ ಗಂಟೆ ಮಾತಾಡಿದರು. ಕೃಷಿ ಬಲ್ಲ ಹಿರಿಯರಿದ್ದರೆ ನಾನು ನಡುವಿನ ಮೊಕ್ಕಿಗಿಂತಲೂ ಇದನ್ನೇ ಹೇಳುತ್ತೇನೆ. ಕೆಲವು ಹೊಲಮನೆಗಳಲ್ಲಿ ಹೊಗೆ ಸೌನಾವೂ ಇರುತ್ತದೆ. ಚಿಮಣಿಯಿಲ್ಲದ ಆ ಕೋಣೆಯನ್ನು ಹಲವು ಗಂಟೆಗಳ ಕಾಲ ಕಾಯಿಸಿ, ಹೊಗೆಯನ್ನೆಲ್ಲ ಹೊರಬಿಟ್ಟು, ಆಮೇಲೆ ಒಳಗೆ ಹೋಗುತ್ತಾರೆ. ಸಿಕ್ಕರೆ ಬಿಡಬೇಡಿ.

ಇನ್ನೊಂದು, ಶಿಬಿರತಾಣದ ಪುಟ್ಟ ಗುಡಿಸಲು. ಎರಡು ಅಟ್ಟದ ಮಂಚ, ಒಂದು ಮೇಜು. ಅಡುಗೆಮನೆ, ಷವರ್, ಪಾಯಿಖಾನೆ ಎಲ್ಲವೂ ಸಾರ್ವಜನಿಕ. ಸೌನಾಕ್ಕೆ ಸರದಿ. ದಿನಕ್ಕೆ ಸುಮಾರು 50ರಿಂದ 80 ಯೂರೊ. ಅಗ್ಗ, ಊರಿಗೆ ಹತ್ತಿರ, ಮಕ್ಕಳಿಗೆ ಆಟಕ್ಕೆ ಜೊತೆ. ಸಾವೊನ್ಲಿನ್ನಾದಂಥ ಊರನ್ನು ನೋಡಲು ಇದೇ ಸಾಕು. ಹೆಲ್ಸಿಂಕಿಯಿಂದ ರೈಲಿನಲ್ಲಿ ಹೋಗಿ ಪಾರಿಕ್ಕಲದಲ್ಲಿ ಬದಲಿಸಿದರೆ ತಲುಪಬಹುದು. 1475ರಲ್ಲಿ ಕಟ್ಟಲು ಶುರುಮಾಡಿದ ಓಲಾವಿನ್ಲಿನ್ನಾ ಕೋಟೆ ನೀರಿನ ನಡುವೆ ನಿಂತಿದೆ, ಸುತ್ತ ದೇಶದ ಅತಿ ದೊಡ್ಡ ಸರೋವರ ಸೈಮಾ. ಜುಲೈಯಲ್ಲಿ ಕೋಟೆಯೊಳಗೆ ಆಪೆರಾ ಉತ್ಸವ ನಡೆಯುವುದರಿಂದ ಆ ವಾರಗಳಲ್ಲಿ ಎಲ್ಲವೂ ತುಟ್ಟಿ. ಆದರೆ ಶಿಬಿರತಾಣದಲ್ಲಿ ಮಲಗಿದವರು ಮೊಕ್ಕಿ ಕಂಡೆವೆಂದು ಹೇಳಿದರೆ ನನಗೆ ಬೇಸರವಾಗುತ್ತದೆ. ಸದ್ದಿಲ್ಲದ ನೀರಿನ ಎದುರು ಒಬ್ಬರೇ ಕೂರುವುದು ಅಲ್ಲಿ ಆಗುವುದಿಲ್ಲ.

ನಡೆದು ಹೋಗುವವರಿಗೆ

ಬೆನ್ನಿಗೆ ಚೀಲ ಹಾಕಿಕೊಂಡು ದಿನಕ್ಕೆ ಹದಿನೈದು ಕಿಲೋಮೀಟರು ನಡೆಯಬಲ್ಲವರಿಗೆ ಬೇರೆಯೇ ಬಾಗಿಲು ತೆರೆದಿದೆ. ಸರ್ಕಾರಿ ಕಾಡುಗಳನ್ನು ನೋಡಿಕೊಳ್ಳುವ ಮೆತ್ಸಾಹಲ್ಲಿತುಸ್ ಸಂಸ್ಥೆ ಉತ್ತರ ಮತ್ತು ಪೂರ್ವದ ಕಾಡುಗಳಲ್ಲಿ ತೆರೆದ ಗುಡಿಸಲುಗಳನ್ನು ಇಟ್ಟಿದೆ. ‘ಔತಿಯೊತುಪಾ’ ಎನ್ನುವ ಇವುಗಳಿಗೆ ಬೀಗವಿಲ್ಲ, ಬಾಡಿಗೆಯಿಲ್ಲ, ಕಾದಿರಿಸುವಂತಿಲ್ಲ. ಒಂದೆರಡು ರಾತ್ರಿ ತಂಗಬಹುದು. ಅಲ್ಲಿಯ ನಿಯಮ ನನಗೆ ಬಹಳ ಪ್ರಿಯ: ಕೊನೆಗೆ ಬಂದವರಿಗೇ ಹೆಚ್ಚಿನ ಹಕ್ಕು. ಮೊದಲು ಬಂದು ವಿಶ್ರಮಿಸಿಕೊಂಡವರು ಎದ್ದು ಜಾಗ ಮಾಡಿಕೊಡಬೇಕು. ಹೊರಡುವಾಗ ಮುಂದಿನವರಿಗೆ ಸೌದೆ ಸೀಳಿಟ್ಟು ಹೋಗಬೇಕು. ಹಾಸಿಗೆ ಖಚಿತವಾಗಿ ಬೇಕೆನ್ನುವವರು ‘ವರೌಸ್ತುಪಾ’ವನ್ನು ಹಣ ಕೊಟ್ಟು ಕಾದಿರಿಸಿಕೊಳ್ಳಬಹುದು. ಉತ್ತರದ ಹೆತ್ತಾದಿಂದ ಪಲ್ಲಾಸ್‌ವರೆಗಿನ 55 ಕಿಲೋಮೀಟರ್ ದಾರಿಯ ನಡುವೆ ಹನ್ನುಕುರು ಎಂಬಲ್ಲಿ ಎರಡೂ ಬಗೆ ಇವೆ, ಸೌನಾವೂ ಇದೆ. ಮಕ್ಕಳನ್ನು, ಹಿರಿಯರನ್ನು ಇಲ್ಲಿಗೆ ಎಳೆದೊಯ್ಯುವ ಮಾತೇ ಬೇಡ.

ಜೂನ್ ಕೊನೆಯಿಂದ ಜುಲೈಯಿಡೀ ಲ್ಯಾಪ್‌ಲ್ಯಾಂಡಿನ ಸೊಳ್ಳೆ ನಮ್ಮ ಮಳೆಗಾಲದ ಸೊಳ್ಳೆಯನ್ನು ಮೀರಿಸುತ್ತದೆ. ದಕ್ಷಿಣದಲ್ಲಿ, ಅದರಲ್ಲೂ ಓಲಂಡ್ ಮತ್ತು ತುರ್ಕು ಕಡೆಯ ದ್ವೀಪಗಳಲ್ಲಿ ಉಣ್ಣೆಹುಳುವಿನ ಭಯ. ಅದರಿಂದ ಮಿದುಳಿನ ಉರಿಯೂತ ಬರಬಹುದು. ಲಸಿಕೆ ಇದೆ, ವೈದ್ಯರನ್ನು ಕೇಳಿ. ಸಂಜೆ ಮಕ್ಕಳ ಮೊಣಕಾಲ ಹಿಂಭಾಗ, ಕಂಕುಳು ನೋಡುವುದನ್ನು ಮರೆಯಬೇಡಿ. ಎಲ್ಲಿಗೆ ಹೋದರೂ ‘112 ಸುವೊಮಿ’ ಆ್ಯಪನ್ನು ಮೊಬೈಲಿಗೆ ಹಾಕಿಕೊಳ್ಳಿ. ಅದರ ಮೂಲಕ ಕರೆ ಮಾಡಿದರೆ ನೀವು ಇರುವ ಜಾಗ ತುರ್ತು ಕೇಂದ್ರಕ್ಕೆ ತಾನಾಗಿ ತಿಳಿಯುತ್ತದೆ. ವಿಳಾಸವಿಲ್ಲದ ಕಾಡಿನಲ್ಲಿ ಇದು ಜೀವ ಉಳಿಸುವ ವಿಷಯ.

ಗೊತ್ತು ಮಾಡುವಾಗ

ನೆತ್ತಿಮೊಕ್ಕಿಯಂಥ ಬಾಡಿಗೆಯ ಜಾಲತಾಣದಲ್ಲಿ ಹುಡುಕುವಾಗ ಮೊದಲು ಓಮಾ ರಂತಾ, ಆಮೇಲೆ ಒಳಗಿನ ಪಾಯಿಖಾನೆ, ಕೊನೆಗೆ ಬಾಡಿಗೆ, ಈ ಕ್ರಮದಲ್ಲಿ ಸೋಸಿ. ಹಣ ಸಾಲದಿದ್ದರೆ ಕೋಣೆಗಳನ್ನು ಕಡಿಮೆ ಮಾಡಿ, ಪಟ್ಟಣದಿಂದ ದೂರ ಹೋಗಿ, ಆಗಸ್ಟಿಗೆ ಮುಂದೂಡಿ. ದಂಡೆಯನ್ನು ಮಾತ್ರ ಬಿಟ್ಟುಕೊಡಬೇಡಿ. ದಂಡೆಯಿಲ್ಲದ ದೊಡ್ಡ ಮನೆಗಿಂತ ದಂಡೆಯಿರುವ ಒಂಟಿ ಕೋಣೆಯಲ್ಲೇ ನಮ್ಮ ಮನೆಯವರು ಹೆಚ್ಚು ನಕ್ಕಿದ್ದಾರೆ. ಜೂನ್ 20ರಿಂದ 26ರ ನಡುವೆ ಬರುವ ಶನಿವಾರ ಯುಹಾನ್ನುಸ್ ಹಬ್ಬ. ಆಗ ದೇಶವೇ ಮೊಕ್ಕಿಗೆ ಹೋಗುವುದರಿಂದ ಆ ವಾರ ಬೇಕಾದವರು ಚಳಿಗಾಲದಲ್ಲೇ ಗೊತ್ತು ಮಾಡಬೇಕು.

ಮಾಲೀಕರಿಗೆ ಇಂಗ್ಲಿಷಿನಲ್ಲಿ ಚುಟುಕಾಗಿ ಬರೆದರೆ ಸಾಕು, ಸುತ್ತಿ ಬಳಸಿ ಕೇಳುವುದು ಅವರಿಗೆ ಒಗ್ಗುವುದಿಲ್ಲ. ಮೆಟ್ಟಿಲು ಎಷ್ಟು, ಬಾವಿಯ ನೀರು ಕುಡಿಯಲು ಆಗುತ್ತದೆಯೇ, ಸೌದೆ ಸೀಳಿಟ್ಟಿದೆಯೇ, ದೋಣಿಯ ಜೊತೆ ಮಕ್ಕಳ ಅಳತೆಯ ಜೀವರಕ್ಷಕ ಜಾಕೆಟ್ ಇದೆಯೇ ಎಂದು ಕೇಳಿ. ನೀವು ತಲುಪುವ ಹೊತ್ತನ್ನೂ ತಿಳಿಸಿ. ಹತ್ತಿರದಲ್ಲೇ ಮನೆಯಿರುವ ಮಾಲೀಕರಾದರೆ, ನೀವು ಕಾರಿನಿಂದ ಇಳಿಯುವಾಗಲೇ ದಂಡೆಯ ಚಿಮಣಿಯಿಂದ ಹೊಗೆ ಏಳುತ್ತಿರುವುದುಂಟು.